ಒಂದೇ ಒಲೆ, ಎರಡು ಮೈಕಟ್ಟು

ತಿಕೋಟಾ ತಾಲ್ಲೂಕಿನ ಹೊನವಾಡದಂತಹ ಊರಿನಲ್ಲಿ ಯಾವ ಓಣಿಗೆ ಹೋದರೂ ಈ ಸೋಜಿಗ ಕಣ್ಣಿಗೆ ಬೀಳುತ್ತದೆ. ಒಂದೇ ಮನೆ, ಒಂದೇ ಒಲೆ, ಒಬ್ಬಳೇ ತಾಯಿ ಬಡಿದ ಜೋಳದ ರೊಟ್ಟಿ, ಒಂದೇ ಗಡಿಗೆಯ ಪಲ್ಯ. ಅದನ್ನುಂಡು ಬೆಳೆದ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬನು ಜಾಲಿಯ ಕೋಲಿನಂತೆ ಸಣಕಲಾಗಿರುತ್ತಾನೆ. ಇನ್ನೊಬ್ಬನಿಗೆ ಇಪ್ಪತ್ತು ತುಂಬುವುದರೊಳಗೆ ಹೊಟ್ಟೆ ಬಂದಿರುತ್ತದೆ. ಮೊದಲನೆಯವನು ನಾಲ್ಕು ರೊಟ್ಟಿ ಮುಗಿಸಿ ಐದನೆಯದಕ್ಕೆ ಕೈ ಚಾಚಿದರೆ, "ಪಾಪ, ಉಂಡದ್ದು ಇವನ ಮೈಗೆ ಹತ್ತುವುದಿಲ್ಲ" ಎಂದು ಮನೆಯವರು ಮರುಗುತ್ತಾರೆ. ಎರಡನೆಯವನು ಎರಡನೆಯ ರೊಟ್ಟಿ ಮುರಿದರೂ ಸಾಕು, ಸುತ್ತ ಕುಳಿತವರ ಮುಖದಲ್ಲಿ ನಗೆ ಸುಳಿಯುತ್ತದೆ. ಶಾಲೆಯಲ್ಲಿಯಂತೂ ಇಬ್ಬರಿಗೂ ಅಡ್ಡಹೆಸರು ಸಿದ್ಧವಾಗಿರುತ್ತದೆ. ಒಬ್ಬನಿಗೆ 'ಕಡ್ಡಿ', ಮತ್ತೊಬ್ಬನಿಗೆ 'ಡುಮ್ಮ'. ಕರೆಯುವವರು ಅದನ್ನು ಸಂಜೆಯೊಳಗೆ ಮರೆತುಬಿಡುತ್ತಾರೆ. ಕರೆಸಿಕೊಂಡವನು ಬಹುಕಾಲ ಮರೆಯುವುದಿಲ್ಲ.

ಈ ನಗೆಯ ಹಿಂದೆ ಒಂದು ತೀರ್ಮಾನ ಅಡಗಿದೆ. ದಪ್ಪಗಿರುವವನು ಹೊಟ್ಟೆಬಾಕನೂ ಸೋಮಾರಿಯೂ ಆಗಿರಬೇಕು. ತೆಳ್ಳಗಿರುವವನು ಮಿತಾಹಾರಿಯೂ ಚುರುಕಿನವನೂ ಆಗಿರಬೇಕು. ಹೀಗೆ ಮೈಯನ್ನು ನೋಡಿ ಗುಣವನ್ನು ಅಳೆಯುವ ರೂಢಿ ಬಹಳ ಹಳೆಯದು. ಆ ತೀರ್ಮಾನ ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸಿ ನೋಡೋಣ. 'ಮೈಗೆ ಹತ್ತುವುದು' ಎಂಬ ನಮ್ಮ ಜನರ ಮಾತೇ ಆ ವಿಚಾರಕ್ಕೆ ಒಳ್ಳೆಯ ಬಾಗಿಲು. ಉಂಡ ಅನ್ನ ಒಬ್ಬನ ಮೈಗೆ ಹತ್ತಿ ಇನ್ನೊಬ್ಬನ ಮೈಗೆ ಏಕೆ ಹತ್ತುವುದಿಲ್ಲ?

ಮೊದಲು, ಹತ್ತುವುದೆಂದರೇನು? ವಿಜಯಪುರದ ಸೀಮೆಯಲ್ಲಿ ಹಿಂದೆ ಉಳ್ಳವರು ಜೋಳವನ್ನು ಹಗೇವಿನಲ್ಲಿ ಕಾಪಾಡುತ್ತಿದ್ದರು. ನೆಲದೊಳಗೆ ತೋಡಿದ ಆ ಕಣಜಕ್ಕೆ ಸುಗ್ಗಿಯ ಕಾಳನ್ನು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದನ್ನು ತೆರೆಯುತ್ತಿದ್ದರು. ನಮ್ಮ ಮೈಯಲ್ಲಿರುವ ಕೊಬ್ಬು ಇಂಥದೇ ಒಂದು ಹಗೇವು. ಉಸಿರಾಡಲು, ಗುಂಡಿಗೆ ಮಿಡಿಯಲು, ನಡೆಯಲು, ಓದಲು ಬೇಕಾದ ಶಕ್ತಿ ಆಹಾರದಿಂದ ಬರುತ್ತದೆ. ಈ ಶಕ್ತಿಯನ್ನು ಕಿಲೊಕ್ಯಾಲೊರಿ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಗ್ರಾಂ ಪಿಷ್ಟದಲ್ಲಾಗಲಿ ಸಕ್ಕರೆಯಲ್ಲಾಗಲಿ ಸುಮಾರು 4 ಕಿಲೊಕ್ಯಾಲೊರಿ ಇದ್ದರೆ, ಒಂದು ಗ್ರಾಂ ಕೊಬ್ಬಿನಲ್ಲಿ 9 ಇರುತ್ತದೆ. ಕಡಿಮೆ ಭಾರದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡಬಲ್ಲುದರಿಂದ ಕೊಬ್ಬು ಶೇಖರಣೆಗೆ ತಕ್ಕ ವಸ್ತು. ವ್ಯಯಕ್ಕಿಂತ ಆಯ ಹೆಚ್ಚಾದಾಗ ಮಿಕ್ಕದ್ದು ಹಗೇವಿಗೆ ಇಳಿಯುತ್ತದೆ. ಆಯ ಕಡಿಮೆಯಾದಾಗ ಹಗೇವು ಬರಿದಾಗುತ್ತದೆ. ಈ ನಿಯಮವನ್ನು ಮೀರಿದ ಮೈ ಲೋಕದಲ್ಲಿಲ್ಲ. ಗಾಳಿ ಕುಡಿದು ದಪ್ಪಗಾದವರು ಮಾತಿನಲ್ಲಿ ಮಾತ್ರ ಉಂಟು.

ಆದರೆ ಇಷ್ಟನ್ನು ಹೇಳಿ, "ಹಾಗಾದರೆ ಕಡಿಮೆ ಉಣ್ಣಲಿ" ಎಂದು ಮುಗಿಸುವವರು ಲೆಕ್ಕದ ಮೊದಲ ಸಾಲನ್ನು ಮಾತ್ರ ಓದಿದವರು. ದಿನಕ್ಕೆ 2,000 ಕಿಲೊಕ್ಯಾಲೊರಿಯಷ್ಟು ಉಣ್ಣುವ ಒಬ್ಬ ವಯಸ್ಕನನ್ನು ತೆಗೆದುಕೊಳ್ಳಿರಿ. ವರ್ಷಕ್ಕೆ ಅದು 7,30,000 ಆಗುತ್ತದೆ. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700. ಅಂದರೆ ಅವನ ತೂಕ ವರ್ಷದಲ್ಲಿ ಒಂದು ಕಿಲೋಗಿಂತ ಹೆಚ್ಚು ಏರುಪೇರಾಗದೆ ನಿಲ್ಲಬೇಕಾದರೆ ಆಯವ್ಯಯಗಳು ನೂರಕ್ಕೆ ಒಂದರಷ್ಟು ಅಂತರದೊಳಗೆ ಹೊಂದಿಕೊಳ್ಳಬೇಕು. ದಿನದ ಲೆಕ್ಕದಲ್ಲಿ ಆ ಅಂತರ ಸುಮಾರು 21 ಕಿಲೊಕ್ಯಾಲೊರಿ, ಹೆಚ್ಚು ಕಡಿಮೆ ಒಂದು ಸಣ್ಣ ಚಮಚ ಸಕ್ಕರೆಯಷ್ಟು. ಹೊಲದಿಂದ ಹಸಿದು ಬಂದ ರೈತನಾಗಲಿ, ಬ್ಯಾಂಕಿನ ಗುಮಾಸ್ತನಾಗಲಿ ತಾಟಿನ ಮುಂದೆ ಕುಳಿತು ಇಷ್ಟು ಸೂಕ್ಷ್ಮವಾಗಿ ಎಣಿಸುವುದಿಲ್ಲ. ಆದರೂ ಎಷ್ಟೋ ಜನರ ತೂಕ ವರ್ಷಗಟ್ಟಲೆ ಬಹಳ ಕದಲದೆ ನಿಲ್ಲುತ್ತದೆ. ಹಾಗಾದರೆ ಲೆಕ್ಕ ಬರೆಯುವ ಕುಲಕರ್ಣಿ ಒಬ್ಬನು ಒಳಗೇ ಇರಬೇಕು.

ಆ ಕುಲಕರ್ಣಿಯ ಸುಳಿವು ದೊರೆತದ್ದು ಒಂದು ಇಲಿಯಿಂದ. 1949ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಸಾಕಿದ್ದ ಇಲಿಗಳ ನಡುವೆ ವಿಪರೀತ ದಪ್ಪಗಿನ ಕೆಲವು ಮರಿಗಳು ಕಾಣಿಸಿಕೊಂಡವು. ಅವುಗಳಿಗೆ ತಿಂದಷ್ಟೂ ಹಸಿವು ಹಿಂಗುತ್ತಿರಲಿಲ್ಲ. ಈ ದೋಷ ತಂದೆತಾಯಿಗಳಿಂದ ಬಂದದ್ದೆಂಬುದು ಬೇಗನೆ ತಿಳಿಯಿತು. ದೋಷ ಯಾವುದೆಂಬುದು ತಿಳಿಯಲು ನಲವತ್ತೈದು ವರ್ಷ ಬೇಕಾಯಿತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಆ ವಂಶವಾಹಿಯನ್ನು ಗುರುತಿಸಿದರು. ಮೈಯ ಕೊಬ್ಬು ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಅದು ತನ್ನಿಂದ ಒಂದು ರಸವನ್ನು ರಕ್ತಕ್ಕೆ ಬಿಟ್ಟು, "ಹಗೇವು ಇಷ್ಟು ತುಂಬಿದೆ" ಎಂದು ಮೆದುಳಿಗೆ ವರದಿ ಕಳಿಸುತ್ತದೆ. ಆ ರಸಕ್ಕೆ ಲೆಪ್ಟಿನ್ ಎಂದು ಹೆಸರಾಯಿತು. ಗ್ರೀಕ್ ಭಾಷೆಯಲ್ಲಿ ತೆಳ್ಳಗಿನದು ಎಂಬರ್ಥದ ಮಾತಿನಿಂದ ಅದು ಬಂದಿದೆ. ಆ ಇಲಿಗಳಲ್ಲಿ ಲೆಪ್ಟಿನ್ನೇ ಇರಲಿಲ್ಲ. ಕೊಬ್ಬು ತುಂಬಿ ತುಳುಕುತ್ತಿದ್ದರೂ, ಹಗೇವು ಬರಿದಾಗಿದೆಯೆಂದೇ ಅವುಗಳ ಮೆದುಳು ತಿಳಿದುಕೊಂಡಿತ್ತು.

ಇಲಿಯ ಮಾತು ಮನುಷ್ಯನಿಗೆ ಹೊಂದುವುದೇ ಎಂದು ಕೇಳಬಹುದು. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರು ಹತ್ತಿರದ ಸಂಬಂಧಿಗಳಾದ ಇಬ್ಬರು ಮಕ್ಕಳ ವಿಷಯವನ್ನು ಪ್ರಕಟಿಸಿದರು. ಎಂಟು ವರ್ಷದ ಹುಡುಗಿಯ ತೂಕ 86 ಕಿಲೋ; ಎರಡು ವರ್ಷದ ಕೂಸಿನ ತೂಕ 29 ಕಿಲೋ. ಇಬ್ಬರಲ್ಲಿಯೂ ಲೆಪ್ಟಿನ್ನಿನ ವಂಶವಾಹಿ ಕೆಟ್ಟಿತ್ತು. ಮುಂದೆ ಆ ಹುಡುಗಿಗೆ ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಟ್ಟರು. ಒಂದು ವರ್ಷದಲ್ಲಿ 16 ಕಿಲೋಗೂ ಹೆಚ್ಚು ತೂಕ ಇಳಿಯಿತು. ಆ ಹಸಿವು ತಾನಾಗಿ ತಗ್ಗಿತು. ಯಾರಾದರೂ ಆಕೆಯನ್ನು ಮೊದಲು ಹೊಟ್ಟೆಬಾಕಿಯೆಂದು ಬೈದಿದ್ದರೆ, ಕಣ್ಣಿಲ್ಲದವನನ್ನು ಎಡವಿದನೆಂದು ಬೈದಷ್ಟೇ ನ್ಯಾಯವಾಗುತ್ತಿತ್ತು. ಇಂತಹ ದೋಷ ಬಹಳ ಅಪರೂಪ. ದಪ್ಪಗಿರುವ ಬಹುಪಾಲು ಜನರಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ. ಅದರ ವರದಿಯನ್ನು ಮೆದುಳು ಮಂದವಾಗಿ ಕೇಳಿಸಿಕೊಳ್ಳುತ್ತದೆ. ಆದುದರಿಂದ ಅದೇ ಚುಚ್ಚುಮದ್ದು ಉಳಿದವರಿಗೆ ಫಲ ಕೊಡಲಿಲ್ಲ. ಆದರೆ ಹಸಿವೆಂಬುದು ಬರಿಯ ಮನಸ್ಸಿನ ಚಪಲವಲ್ಲ, ಮೈಯೊಳಗಿನ ಆಜ್ಞೆ ಎಂಬ ತಿಳಿವಳಿಕೆ ಆಗ ಗಟ್ಟಿಯಾಯಿತು.

ಈ ಆಜ್ಞೆ ಎಲ್ಲರಲ್ಲಿಯೂ ಒಂದೇ ಬಿರುಸಿನದಲ್ಲ. ಅದರ ಹೆಚ್ಚುಕಡಿಮೆ ಬಹುಮಟ್ಟಿಗೆ ಹುಟ್ಟಿನಿಂದ ಬರುತ್ತದೆ. ಈ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲರನ್ನೂ ಅತಿಕೃಶರನ್ನೂ ಕುರಿತು ಒಂದು ಅಧ್ಯಾಯವಿದೆ. ಮೈ ಬೆಳೆಯುವುದಕ್ಕೆ ಅತಿಯಾದ ಊಟ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ, ಚಿಂತೆಯಿಲ್ಲದಿರುವುದು ಮುಂತಾದ ಕಾರಣಗಳನ್ನು ಹೇಳಿ, ಅವುಗಳ ಜೊತೆಯಲ್ಲಿಯೇ ಬೀಜಸ್ವಭಾವವನ್ನೂ ಚರಕನು ಸೇರಿಸಿದ್ದಾನೆ. ಬೀಜವೆಂದರೆ ತಂದೆತಾಯಿಗಳಿಂದ ಬಂದದ್ದು. (ಚಿಂತೆಯಿಲ್ಲದವರು ದಪ್ಪಗಾಗುತ್ತಾರೆಂಬ ಮಾತನ್ನು ಪರೀಕ್ಷೆಯ ಕಾಲದಲ್ಲಿ ಎರಡೂ ಕೈಯಿಂದ ಚುರುಮುರಿ ತಿನ್ನುವ ವಿದ್ಯಾರ್ಥಿಗಳನ್ನು ಕಂಡವರು ಸುಲಭವಾಗಿ ಒಪ್ಪಲಾರರು.)

ಬೀಜದ ಪಾಲೆಷ್ಟು, ಮನೆಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಕಷ್ಟ; ಏಕೆಂದರೆ ತಂದೆತಾಯಿಗಳು ಮಕ್ಕಳಿಗೆ ವಂಶವಾಹಿಯನ್ನೂ ಕೊಡುತ್ತಾರೆ, ಊಟವನ್ನೂ ಬಡಿಸುತ್ತಾರೆ. ಇವೆರಡೂ ಅಗಲಿರುವ ಸಂದರ್ಭವೊಂದುಂಟು. ಅದು ದತ್ತುಮಕ್ಕಳದು. ದತ್ತು ಹೋದ ಮಕ್ಕಳ ವಿವರಗಳನ್ನು ಡೆನ್ಮಾರ್ಕ್ ದೇಶದಲ್ಲಿ ಜೋಪಾನವಾಗಿ ಬರೆದಿಟ್ಟಿದ್ದರು. ಅವರ ಪೈಕಿ ದೊಡ್ಡವರಾಗಿದ್ದ 540 ಮಂದಿಯ ಮೈಕಟ್ಟನ್ನು ಸ್ಟಂಕರ್ಡ್ ಎಂಬ ವೈದ್ಯರೂ ಅವರ ಸಂಗಡಿಗರೂ ಹೋಲಿಸಿ ನೋಡಿ 1986ರಲ್ಲಿ ಪ್ರಕಟಿಸಿದರು. ಮಕ್ಕಳ ಮೈಕಟ್ಟು ಹೆತ್ತವರ ಮೈಕಟ್ಟಿಗೆ ಹೊಂದುತ್ತಿತ್ತು; ದಿನವೂ ಅನ್ನವಿಕ್ಕಿ ಸಾಕಿದವರ ಮೈಕಟ್ಟಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ನಾಲ್ಕು ವರ್ಷಗಳ ಅನಂತರ ಕೆನಡದಲ್ಲಿ ಕ್ಲಾಡ್ ಬುಷಾರ್ ಎಂಬವರು ಇನ್ನೊಂದು ಪ್ರಯೋಗದ ಫಲವನ್ನು ತಿಳಿಸಿದರು. ತದ್ರೂಪಿ ಅವಳಿಗಳಾದ ಹನ್ನೆರಡು ಜೋಡಿ ತರುಣರಿಗೆ ನೂರು ದಿನಗಳಲ್ಲಿ 84 ದಿನ, ದಿನಕ್ಕೆ 1,000 ಕಿಲೊಕ್ಯಾಲೊರಿಯಂತೆ ಹೆಚ್ಚು ಉಣಿಸಿದರು. ಎಲ್ಲರಿಗೂ ಬಡಿಸಿದ ಹೆಚ್ಚಳ ಒಂದೇ. ಆದರೂ ಒಬ್ಬನು 4 ಕಿಲೋ ಏರಿದರೆ ಮತ್ತೊಬ್ಬನು 13 ಕಿಲೋ ಏರಿದನು. ಗಮನಿಸಬೇಕಾದ ಸಂಗತಿಯೆಂದರೆ, ಒಂದೇ ಜೋಡಿಯ ಅಣ್ಣತಮ್ಮಂದಿರು ಹೆಚ್ಚುಕಡಿಮೆ ಸಮನಾಗಿಯೇ ಏರಿದ್ದರು. ತಿಂದದ್ದು ಎಷ್ಟು ಮೈಗೆ ಹತ್ತಬೇಕೆಂಬುದನ್ನು ಬೀಜವೇ ಗೊತ್ತುಮಾಡಿದಂತಿತ್ತು.

ಹಾಗಾದರೆ ಹತ್ತದೆ ಉಳಿದದ್ದು ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಜೇಮ್ಸ್ ಲೆವಿನ್ ಸ್ವಾರಸ್ಯವಾದ ಉತ್ತರ ಕೊಟ್ಟರು. ಹದಿನಾರು ಮಂದಿಗೆ ಎಂಟು ವಾರ ದಿನಕ್ಕೆ 1,000 ಕಿಲೊಕ್ಯಾಲೊರಿ ಹೆಚ್ಚಾಗಿ ಉಣಿಸಿದಾಗ, ಒಬ್ಬರಲ್ಲಿ ಅರ್ಧ ಕಿಲೋ ಕೊಬ್ಬೂ ಕೂಡಲಿಲ್ಲ. ಇನ್ನೊಬ್ಬರಲ್ಲಿ 4 ಕಿಲೋ ದಾಟಿತು. ಕೂಡದವರು ಆಟ ಆಡಿರಲಿಲ್ಲ, ಓಡಿರಲಿಲ್ಲ. ಅವರು ಸುಮ್ಮನೆ ಕೂರದವರು. ಎದ್ದು ನಿಲ್ಲುವುದು, ಅತ್ತಿತ್ತ ಸುಳಿದಾಡುವುದು, ಕಾಲು ಕುಣಿಸುವುದು, ಕುಳಿತಲ್ಲಿಯೇ ಮಿಸುಕುವುದು — ಹೀಗೆ ತಮಗೇ ಅರಿವಿಲ್ಲದ ನೂರಾರು ಚಿಲ್ಲರೆ ಚಲನೆಗಳಲ್ಲಿ ಅವರು ಹೆಚ್ಚಿನ ಆಹಾರವನ್ನು ಕರಗಿಸಿಬಿಟ್ಟಿದ್ದರು. ಪ್ರತಿಯೊಂದು ತರಗತಿಯಲ್ಲಿಯೂ ಇಂತಹ ಹುಡುಗ ಒಬ್ಬನಾದರೂ ಇರುತ್ತಾನೆ. ಅವನ ಬೆಂಚು ಸದಾ ಕಿರುಗುಟ್ಟುತ್ತಿರುತ್ತದೆ. ಶಿಸ್ತಿನ ದೃಷ್ಟಿಯಿಂದ ಉಪಾಧ್ಯಾಯರು ಅವನನ್ನು ಗದರಿಸಬೇಕಾಗುತ್ತದೆ. ಆದರೆ ಅವನ ಐದನೆಯ ರೊಟ್ಟಿ ಎಲ್ಲಿ ಮಾಯವಾಗುತ್ತದೆಂಬುದಕ್ಕೆ ಆ ಬೆಂಚೇ ಸಾಕ್ಷಿ.

ಎಲ್ಲವೂ ಬೀಜದ ಕೆಲಸವಾದರೆ ಇನ್ನೊಂದು ಸಂಗತಿಗೆ ಅರ್ಥವಾಗುವುದಿಲ್ಲ. ಎರಡು ತಲೆಮಾರಿನ ಹಿಂದೆ ಹಳ್ಳಿಗಳಲ್ಲಿ ದಪ್ಪಗಿದ್ದವರನ್ನು ಬೆರಳಿನಿಂದ ಎಣಿಸಬಹುದಾಗಿತ್ತು. ಇಂದು ಹಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 24 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚಾಗಿತ್ತು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 19 ಮಂದಿಯ ತೂಕ ತೀರ ಕಡಿಮೆಯಾಗಿತ್ತು. ಎರಡು ತಲೆಮಾರಿನಲ್ಲಿ ಬೀಜ ಬದಲಾಗುವುದಿಲ್ಲ. ಬದಲಾದದ್ದು ನೆಲ. ಒಂದೇ ಚೀಲದ ಜೋಳವನ್ನು ಎರೆಯಲ್ಲಿ ಬಿತ್ತಿದಾಗ ಒಂದು ಬೆಳೆ, ಮಡ್ಡಿಯಲ್ಲಿ ಬಿತ್ತಿದಾಗ ಇನ್ನೊಂದು ಬೆಳೆ ಬರುವುದನ್ನು ನೀವೇ ಕಂಡಿದ್ದೀರಿ. ಹಿಂದೆ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹೆಂಗಸರು ಹಿಟ್ಟು ಬೀಸುತ್ತಿದ್ದರು, ಬಾವಿಯಿಂದ ನೀರು ಹೊರುತ್ತಿದ್ದರು. ಗಂಡಸರು ಕಣದಲ್ಲಿ ದಿನಗಟ್ಟಲೆ ರಾಶಿ ಮಾಡುತ್ತಿದ್ದರು, ಸಂತೆಗೆ ನಡೆದು ಹೋಗುತ್ತಿದ್ದರು. ಈಗ ಹಿಟ್ಟು ಗಿರಣಿಯಲ್ಲಿ, ನೀರು ನಳದಲ್ಲಿ, ರಾಶಿ ಯಂತ್ರದಲ್ಲಿ, ಸಂತೆ ಮೋಟರ್ ಸೈಕಲ್ಲಿನ ಮೇಲೆ. ಬೀಸುವ ಕಲ್ಲು ಮತ್ತೆ ಬರಲೆಂದು ಹಾರೈಸುವವರು ಅದನ್ನು ತಿರುಗಿಸಿದವರಾಗಿರುವುದಿಲ್ಲ. ಆ ದುಡಿಮೆ ಹೋದದ್ದು ಒಳ್ಳೆಯದೇ. ಅದಕ್ಕೆಂದು ಬರುತ್ತಿದ್ದ ಹಸಿವು ಮಾತ್ರ ದುಡಿಮೆಯ ಜೊತೆಗೆ ಹೋಗಲಿಲ್ಲ.

ತಿನ್ನುವ ವಸ್ತುವೂ ಬದಲಾಗಿದೆ. ಕಿರಾಣಿ ಅಂಗಡಿಯ ಮುಂದೆ ತೋರಣದಂತೆ ತೂಗುವ ಬಣ್ಣಬಣ್ಣದ ಪುಡಿಕೆಗಳನ್ನು ನೋಡಿರಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬವರು ಇಪ್ಪತ್ತು ಮಂದಿಯನ್ನು ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರವನ್ನೂ ಎರಡು ವಾರ ಮನೆಯ ಅಡಿಗೆಯಂಥ ಆಹಾರವನ್ನೂ ಬಡಿಸಿದರು. ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲಿಯೂ ಸಮನಾಗಿ ಬಡಿಸಿ, ಬೇಕಾದಷ್ಟು ತಿನ್ನಲು ಬಿಟ್ಟರು. ಕಾರ್ಖಾನೆಯ ಆಹಾರದ ದಿನಗಳಲ್ಲಿ ಅದೇ ಜನರು ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ತಿಂದರು. ಎರಡು ವಾರದಲ್ಲಿ ಒಂದು ಕಿಲೋದ ಹತ್ತಿರ ಏರಿದರು. 2019ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಆ ಇಪ್ಪತ್ತು ಜನರ ಶೀಲ ಎರಡು ವಾರಕ್ಕೊಮ್ಮೆ ಬದಲಾಯಿತೆಂದು ಯಾರೂ ಹೇಳಲಾರರು.

ನಿಮ್ಮ ವಯಸ್ಸಿನವರಲ್ಲಿ, ಅದರಲ್ಲಿಯೂ ಹುಡುಗಿಯರಲ್ಲಿ, ಅಡ್ಡಹೆಸರಿಗೆ ಅಂಜಿ ಮಧ್ಯಾಹ್ನದ ಊಟವನ್ನು ಬಿಡುವವರಿದ್ದಾರೆ. ಅವರಿಗಾಗಿ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು ಅವರ ಒಪ್ಪಿಗೆಯಿಂದಲೇ ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿದರು. ಬರಗಾಲದ ಸಂತ್ರಸ್ತರಿಗೆ ಹೇಗೆ ಊಟ ಕೊಟ್ಟು ಚೇತರಿಸಬೇಕೆಂಬುದನ್ನು ತಿಳಿಯುವುದು ಉದ್ದೇಶವಾಗಿತ್ತು. ಅವರ ತೂಕದ ಕಾಲುಭಾಗ ಇಳಿಯಿತು. ಅದರ ಜೊತೆಗೆ ಮೈ ತನ್ನ ವೆಚ್ಚವನ್ನೂ ಬಿಗಿಹಿಡಿಯಿತು. ಸುಮ್ಮನಿದ್ದಾಗ ದೇಹ ಬಳಸುವ ಶಕ್ತಿ ಸುಮಾರು ನೂರಕ್ಕೆ ನಲವತ್ತರಷ್ಟು ತಗ್ಗಿತು. ಅವರಿಗೆ ಸದಾ ಚಳಿ. ಓದಿನಲ್ಲಿ ಮನಸ್ಸು ನಿಲ್ಲದು. ಹಗಲಿರುಳೂ ಊಟದ್ದೇ ಧ್ಯಾನ. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಓದುತ್ತ ಕೂರುತ್ತಿದ್ದರು. ಮತ್ತೆ ಊಟ ದೊರೆತಾಗ ಕಳೆದುಕೊಂಡ ಕೊಬ್ಬು ಮೊದಲು ಮರಳಿತು. ಅನೇಕರಲ್ಲಿ ಮೊದಲಿಗಿಂತ ಹೆಚ್ಚೇ ಆಯಿತು. ಮೈ ಉಪವಾಸವನ್ನು ಬರಗಾಲವೆಂದೇ ತಿಳಿಯುತ್ತದೆ. ಬರ ಕಂಡ ಒಕ್ಕಲಿಗನು ಮುಂದಿನ ಸುಗ್ಗಿಯಲ್ಲಿ ಹಗೇವನ್ನು ಇನ್ನಷ್ಟು ತುಂಬುವಂತೆ ಅದೂ ನಡೆದುಕೊಳ್ಳುತ್ತದೆ. ಎಲುಬು ಬೆಳೆಯುವ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಬಿಟ್ಟ ಊಟ ಕೊಬ್ಬನ್ನು ಮಾತ್ರವೇ ಅಲ್ಲ, ಎತ್ತರವನ್ನೂ ರಕ್ತವನ್ನೂ ತಿನ್ನುತ್ತದೆ.

ಇಷ್ಟು ಹೊತ್ತು ದಪ್ಪಗಿರುವವನ ಪರವಾಗಿ ವಾದಿಸಿದಂತಾಯಿತು. ತೆಳ್ಳಗಿರುವವನ ಮಾತೂ ಉಳಿದಿದೆ. ಮತ್ತು ಅದು ನಮ್ಮ ದೇಶಕ್ಕೆ ಹೆಚ್ಚು ಸಂಬಂಧಪಟ್ಟದ್ದು. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೆತ್ತುವ ಜಟ್ಟಿಯ ತೂಕ ಬಹಳ. ಆದರೆ ಅದರಲ್ಲಿ ಮಾಂಸಖಂಡವೇ ಹೆಚ್ಚು. ಅದೇ ರೀತಿ, ತೂಕ ಕಡಿಮೆಯಿದ್ದರೂ ಅದರಲ್ಲಿ ಕೊಬ್ಬೇ ಹೆಚ್ಚಾಗಿರಬಹುದು. ಮೈತೂಕದ ಕಿಲೋಗ್ರಾಂಗಳನ್ನು ಎತ್ತರದ ಮೀಟರುಗಳ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯಿಂದ ವೈದ್ಯರು ವಯಸ್ಕರ ಮೈಕಟ್ಟನ್ನು ಅಳೆಯುತ್ತಾರೆ. ಪುಣೆಯ ವೈದ್ಯ ಯಾಜ್ಞಿಕ್ ಅವರಿಗೂ ಲಂಡನ್ನಿನ ಅವರ ಮಿತ್ರ ಯುಡ್‌ಕಿನ್ ಅವರಿಗೂ ಈ ಸಂಖ್ಯೆ ಒಂದೇ ಆಗಿತ್ತು: 22.3. ಇಬ್ಬರೂ ತೆಳ್ಳಗಿನವರೇ. ಒಳಗಿನ ಕೊಬ್ಬನ್ನು ಯಂತ್ರದಿಂದ ಅಳೆದಾಗ ಯುಡ್‌ಕಿನ್ ಅವರಲ್ಲಿ ನೂರಕ್ಕೆ 9.1ರಷ್ಟಿದ್ದ ಕೊಬ್ಬು ಯಾಜ್ಞಿಕ್ ಅವರಲ್ಲಿ 21.2ರಷ್ಟಿತ್ತು. ತಮ್ಮಿಬ್ಬರ ಚಿತ್ರವನ್ನು ಅಕ್ಕಪಕ್ಕದಲ್ಲಿರಿಸಿ 2004ರಲ್ಲಿ ಅವರು ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತೀಯರಲ್ಲಿ ಸಣ್ಣ ಮೈಯವರಿಗೂ ಮಧುಮೇಹ ಬರುವುದೇಕೆಂಬುದಕ್ಕೆ ಇದು ಒಂದು ಕಾರಣ. ತೆಳ್ಳಗಿದ್ದಾನೆಂದು ಯಾರೂ ಅವನ ರಕ್ತವನ್ನು ಪರೀಕ್ಷಿಸುವುದಿಲ್ಲ; ರೋಗ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಈ ಮೈಕಟ್ಟು ಎಂದು ಮೊದಲಾಗುತ್ತದೆ? ತೊಟ್ಟಿಲಿಗಿಂತ ಮೊದಲೇ ಎನ್ನುತ್ತಾರೆ ಯಾಜ್ಞಿಕರು. 1993ರಿಂದ ಅವರು ಪುಣೆಯ ಸಮೀಪದ ಹಳ್ಳಿಗಳ ಗರ್ಭಿಣಿಯರನ್ನು ಗಮನಿಸುತ್ತ ಬಂದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಮಾಂಸಖಂಡ ಬಹಳ ಕಡಿಮೆಯಿತ್ತು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ತಾಯಿ ಅರೆಹೊಟ್ಟೆಯಲ್ಲಿದ್ದರೆ ಗರ್ಭದ ಶಿಶು ಮುಂದಿನ ಬರಕ್ಕೆ ಈಗಲೇ ಸಿದ್ಧವಾಗುತ್ತದೆಂಬುದು ವಿಜ್ಞಾನಿಗಳ ಊಹೆ. ಹಾಲೆಂಡಿನಲ್ಲಿ 1944–45ರ ಚಳಿಗಾಲದಲ್ಲಿ ಯುದ್ಧದಿಂದ ಕ್ಷಾಮ ಬಂದಾಗ ಬಸಿರಿನ ಮೊದಲ ಅರ್ಧವನ್ನು ಕಳೆದ ತಾಯಂದಿರ ಗಂಡುಮಕ್ಕಳಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ದಪ್ಪಗಿನವರು ಹೆಚ್ಚಾಗಿದ್ದರು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಕ್ಷಾಮವನ್ನು ಕಂಡವರ ಮಕ್ಕಳಲ್ಲಿ ಕಡಿಮೆಯಾಗಿದ್ದರು. 1876–78ರ ಮಹಾಕ್ಷಾಮವನ್ನೂ ಮುಂದೆ 1972ರ ಬರವನ್ನೂ ಕಂಡ ನಮ್ಮ ಸೀಮೆಯಲ್ಲಿ ಅಂತಹ ಲೆಕ್ಕವನ್ನು ಬರೆದಿಡುವ ವ್ಯವಸ್ಥೆ ಇರಲಿಲ್ಲ.

ಆದರೆ ಮೈಸೂರಿನಲ್ಲಿ ಇತ್ತು. ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿಯೊಂದು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಮುಂದೆ ಇದರಿಂದ ಏನು ತಿಳಿದೀತೆಂದು ಬರೆದವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಮೈಸೂರಿನ ಸುತ್ತಲೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ಮೀರಿ ಹುಟ್ಟಿದವರಲ್ಲಿ ನೂರಕ್ಕೆ 3 ಮಂದಿಗೆ. 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಮತ್ತೊಂದು ಅಧ್ಯಯನ ಮೊದಲಾಯಿತು. ಈ ಬಾರಿ ಗರ್ಭಿಣಿಯರ ರಕ್ತದ ಸಕ್ಕರೆಯನ್ನೂ ಅಳೆದು, ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಗಮನಿಸುತ್ತ ಬಂದರು. ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳ ಚರ್ಮದಡಿಯ ಕೊಬ್ಬು ಉಳಿದ ಹುಡುಗಿಯರಿಗಿಂತ ಹೆಚ್ಚಾಗಿರುವುದು ಕಂಡುಬಂದಾಗ, ಆ ಮಕ್ಕಳಿಗೆ ಐದು ವರ್ಷ. ಅವರಿನ್ನೂ ಒಂದನೆಯ ತರಗತಿಗೆ ಸೇರುವ ವಯಸ್ಸಿನವರಾಗಿರಲಿಲ್ಲ.